ಜಾಬ್ ಕಾರ್ಡ್ ಬರೆಯದೆ ಮಾಡಿದ ಕೆಲಸ

2023ರಲ್ಲಿ ನಾನು ದುಬೈಯ ಅಲ್ ಮುರಕ್ಕಬಾತ್‌ನ ಒಂದು ಲ್ಯಾಪ್‌ಟಾಪ್ ರಿಪೇರಿ ಅಂಗಡಿಯಲ್ಲಿ ಸೀನಿಯರ್ ಟೆಕ್ನಿಷಿಯನ್ ಆಗಿದ್ದೆ. ಈಗಲೂ ಅಲ್ಲೇ ಇದ್ದೇನೆ. ಓದಿದ್ದು ಎಂಟನೇ ಕ್ಲಾಸು. ಬೆಸುಗೆ ಹಾಕುವುದನ್ನು ಮೂಡುಬಿದಿರೆಯಲ್ಲಿ ರೇಡಿಯೊ ರಿಪೇರಿ ಮಾಡುತ್ತಿದ್ದವರೊಬ್ಬರ ಬಳಿ ಕಲಿತೆ. ಉಳಿದದ್ದನ್ನೆಲ್ಲ ಇಲ್ಲಿ ಹದಿನಾರು ವರ್ಷ ಕೂತು ಕಲಿತೆ. ಬಿಚ್ಚಿದ ಲ್ಯಾಪ್‌ಟಾಪ್‌ಗಳ ಲೆಕ್ಕವಿಲ್ಲ. ಅವುಗಳಲ್ಲಿ ಒಂದರ ಬಗ್ಗೆ ಮಾತ್ರ ನಾನು ಬರೆಯಲೇಬೇಕು. ಅದು ನನ್ನ ತಂಗಿ ಸುಜಾತಳದ್ದು.

ನಮ್ಮ ಅಂಗಡಿಯಲ್ಲಿ ಒಂದು ಕ್ರಮ ಉಂಟು. ಯಾವ ಯಂತ್ರ ಬಂದರೂ ಮೊದಲು ಜಾಬ್ ಕಾರ್ಡ್ ಬರೆಯಬೇಕು. ಯಂತ್ರ ಯಾವ ಸ್ಥಿತಿಯಲ್ಲಿ ಬಂತು, ಗಿರಾಕಿ ಏನು ಕೇಳಿದರು, ಮುಟ್ಟುವ ಮೊದಲು ಪೂರ್ತಿ ಆಫ್ ಆಗಿದೆಯೇ ಎಂದು ನೋಡಿ ಟಿಕ್ ಹಾಕಿ, ಕೆಳಗೆ ಸಹಿ ಮಾಡಬೇಕು. ಆಮೇಲೆಯೇ ಸ್ಕ್ರೂಡ್ರೈವರ್. ಆದರೆ ಮನೆಯವರ, ಸ್ನೇಹಿತರ ಯಂತ್ರಗಳಿಗೆ ನಾವು ಯಾರೂ ಕಾರ್ಡ್ ಬರೆಯುತ್ತಿರಲಿಲ್ಲ. ತಂಗಿಯ ಹತ್ತಿರ ಸಹಿ ಕೇಳಿದರೆ ಅವಳು ನಗುವುದಿಲ್ಲವೇ ಎಂದು ನನ್ನ ಯೋಚನೆ.

ಸುಜಾತ ಅಬುಧಾಬಿಯ ಮೊಹಮ್ಮದ್ ಬಿನ್ ಜಾಯೆದ್ ಸಿಟಿಯಲ್ಲಿ ಗಂಡ ನವೀನನ ಜೊತೆ ಇದ್ದಾಳೆ. ನವೀನ ಎಂಜಿನಿಯರ್. ಆ ಕಡೆ ಕಾರಿಲ್ಲದೆ ಏನೂ ನಡೆಯುವುದಿಲ್ಲ, ಸುಜಾತ ಲೈಸೆನ್ಸಿನ ರೋಡ್ ಟೆಸ್ಟಿನಲ್ಲಿ ಎರಡು ಸಲ ಫೇಲ್ ಆಗಿದ್ದಳು. ಆದರೆ ಲ್ಯಾಪ್‌ಟಾಪಿನ ಕಾರ್ ರೇಸಿನಲ್ಲಿ ಅವಳನ್ನು ಹಿಡಿಯುವವರಿರಲಿಲ್ಲ. ಮೇಜಿಗೆ ಸ್ಟೀರಿಂಗ್ ಕಚ್ಚಿಸಿ, ಕಾಲ ಕೆಳಗೆ ಪೆಡಲ್ ಇಟ್ಟು ದಿನಾ ಮಧ್ಯಾಹ್ನ ಆಡುತ್ತಿದ್ದಳು. ಹಾಗೆ ಆಡುತ್ತಲೇ ಹೆಂಗಸರ ಒಂದು ಪಂದ್ಯದಲ್ಲಿ ಕೊನೆಯ ಎಂಟು ಜನರಲ್ಲಿ ಒಬ್ಬಳಾದಳು. ಫೈನಲ್ ದುಬೈಯ ಒಂದು ಗೇಮಿಂಗ್ ಹಾಲಿನಲ್ಲಿ. ಹೆಸರು ಕೊಟ್ಟಾಗ ಬರೆಸಿದ ಯಂತ್ರವನ್ನೇ ತರಬೇಕು, ಹೊರಗಿನಿಂದ ಏನು ಬೇಕಾದರೂ ಜೋಡಿಸಬಹುದು ಎಂಬುದು ಅಲ್ಲಿಯ ನಿಯಮ. ಗೆದ್ದವರಿಗೆ ಒಂದು ತಂಡದಲ್ಲಿ ಜಾಗ, ವಾರಕ್ಕೆರಡು ದಿನ ಅಭ್ಯಾಸ. ಮನೆಯ ಹೊರಗೆ ತನ್ನದು ಎಂಬ ಒಂದು ಜಾಗ ಸಿಗುತ್ತದೆಂದು ಅವಳು ಆಸೆಪಟ್ಟಿದ್ದಳು.

ತೊಂದರೆ ಅವಳ ಲ್ಯಾಪ್‌ಟಾಪಿನದ್ದು. ತೆಳ್ಳಗಿನ, ಆಫೀಸ್ ಕೆಲಸಕ್ಕೆ ಮಾಡಿದ ಯಂತ್ರ. ತಿರುವುಗಳಲ್ಲಿ ಚಿತ್ರ ತಡೆದು ತಡೆದು ಬರುತ್ತಿತ್ತು. ಫೈನಲಿಗೆ ಎರಡು ವಾರ ಇರುವಾಗ ಒಂದು ಭಾನುವಾರ ಅವರ ಮನೆಗೆ ಊಟಕ್ಕೆ ಹೋಗಿದ್ದೆ. ಆಟದ ಚಿತ್ರ ಮೂಡಿಸುವ ಗ್ರಾಫಿಕ್ಸ್ ಕಾರ್ಡನ್ನು ಹೊರಗಿನಿಂದ ಜೋಡಿಸಬಹುದಂತೆ, ಹೌದಾ ಎಂದು ಸುಜಾತ ಕೇಳಿದಳು.

ನವೀನ ಅನ್ನ ಕಲಸುತ್ತಾ, “ಭಾವ, ನಾನು ಸ್ವಲ್ಪ ಓದಿ ನೋಡಿದೆ. ಎಲ್ಲಾ ಲ್ಯಾಪ್‌ಟಾಪಿಗೆ ಆಗುದಿಲ್ಲ ಅಂತ ಕಾಣ್ತದೆ” ಎಂದ.

“ಓದಿದವರಿಗೆ ಆಗುದಿಲ್ಲ” ಎಂದೆ ನಾನು. “ನಮಗೆ ಆಗ್ತದೆ.”

ಸುಜಾತ ನಕ್ಕು, “ನೋಡಿ, ನಾನು ಹೇಳಿದ್ದೆ ಅಲ್ವಾ?” ಎಂದು ಗಂಡನನ್ನು ನೋಡಿದಳು. ಪೋರ್ಟನ್ನು ನೋಡದೆಯೇ ನಾನು ಆ ಮಾತು ಹೇಳಿದ್ದೆ. ನನ್ನ ಮೊದಲ ತಪ್ಪು ಅದು.

ಅಂಗಡಿಗೆ ತಂದು ನೋಡಿದರೆ ನವೀನ ಹೇಳಿದ್ದೇ ಸರಿ. ಹೊರಗಿನ ಗ್ರಾಫಿಕ್ಸ್ ಕಾರ್ಡಿನ ಪೆಟ್ಟಿಗೆಗಳಿಗೆ ಸಾಮಾನ್ಯವಾಗಿ ಥಂಡರ್‌ಬೋಲ್ಟ್ ಎಂಬ ವೇಗದ ಸಂಪರ್ಕ ಬೇಕು. ಅದರ ಪೋರ್ಟ್ ನೋಡಲು ಟೈಪ್-ಸಿ ಹಾಗೆಯೇ ಇರುತ್ತದೆ, ಆದರೆ ಎಲ್ಲಾ ಟೈಪ್-ಸಿ ಪೋರ್ಟ್‌ಗಳಲ್ಲಿ ಆ ಸಂಪರ್ಕ ಇರುವುದಿಲ್ಲ. ಸುಜಾತಳ ಯಂತ್ರದಲ್ಲಿ ಇರಲಿಲ್ಲ. ಆಗಲೇ ಫೋನ್ ಮಾಡಿ, ಇದು ಆಗುವುದಿಲ್ಲ ಎಂದಿದ್ದರೆ ಮುಗಿಯುತ್ತಿತ್ತು. ಅವಳು ಹಳೆಯ ವೇಗದಲ್ಲೇ ಆಡುತ್ತಿದ್ದಳು, ಗೆಲ್ಲುತ್ತಿದ್ದಳೋ ಸೋಲುತ್ತಿದ್ದಳೋ.

ನಾನು ಬೇರೆ ದಾರಿ ಹಿಡಿದೆ. ಲ್ಯಾಪ್‌ಟಾಪಿನ ಒಳಗೆ ಫೈಲುಗಳನ್ನು ಉಳಿಸುವ ಎಸ್‌ಎಸ್‌ಡಿ ಕೂರುವ ಎರಡು ಸ್ಲಾಟ್‌ಗಳಿದ್ದವು, ಒಂದು ಖಾಲಿ. ಅದಕ್ಕೆ ಅಡಾಪ್ಟರ್ ಹಾಕಿ, ಹಿಂದಿನ ಮುಚ್ಚಳದಲ್ಲಿ ಸಂದು ಮಾಡಿ ಕೇಬಲ್ ಹೊರಗೆ ತಂದೆ. ಡೆಸ್ಕ್‌ಟಾಪಿನ ಗ್ರಾಫಿಕ್ಸ್ ಕಾರ್ಡನ್ನೂ ಅದರ ಪವರ್ ಸಪ್ಲೈಯನ್ನೂ ಖರ್ಜೂರದ ಒಂದು ಪ್ಲಾಸ್ಟಿಕ್ ಕ್ರೇಟಿನಲ್ಲಿ ಸ್ಕ್ರೂ ಹಾಕಿ ಕೂರಿಸಿದೆ. ಡೆಸ್ಕ್‌ಟಾಪಿನಲ್ಲಿ ಇಂಥ ಕಾರ್ಡಿಗೆ ಹದಿನಾರು ಲೇನ್‌ಗಳ ದಾರಿ, ಇಲ್ಲಿ ನಾಲ್ಕೇ. ಆದ್ದರಿಂದ ಪೂರ್ತಿ ಶಕ್ತಿ ಸಿಗುವುದಿಲ್ಲ. ಆದರೂ ಬೇರೆ ಮಾನಿಟರ್ ಹಾಕಿ ನೋಡಿದಾಗ, ಸೆಕೆಂಡಿಗೆ ಮೂವತ್ತರ ಹತ್ತಿರ ಇದ್ದ ಫ್ರೇಮ್‌ಗಳು ತೊಂಬತ್ತಕ್ಕೆ ಏರಿದವು.

ಅಂಗಡಿಯ ಮಾಲೀಕರು ಉಳ್ಳಾಲದ ಕಡೆಯವರು. ಅವರನ್ನು ನಾವೆಲ್ಲ ಅಶ್ರಫಾಕ ಎನ್ನುತ್ತೇವೆ. ಹಿಂದೆ ನಿಂತು ನೋಡಿ, “ಕಾರ್ಡ್ ಬರ್ದಿದ್ದೀಯಾ?” ಎಂದರು.

“ತಂಗಿದು ಕಾಕಾ.”

“ತಂಗಿದಾದ್ರೆ ಎರಡು ಬರಿ.”

ತಮಾಷೆ ಎಂದುಕೊಂಡು ನಕ್ಕೆ.

ಈ ಜೋಡಣೆಗೆ ಒಂದು ಕಟ್ಟುನಿಟ್ಟಿನ ನಿಯಮ ಇದೆ. ಲ್ಯಾಪ್‌ಟಾಪ್ ಪೂರ್ತಿ ಶಟ್‌ಡೌನ್ ಆಗದೆ ಕೇಬಲ್ ಎಳೆಯಬಾರದು. ಪೆನ್‌ಡ್ರೈವ್ ಹಾಗೆ ಅಲ್ಲ ಇದು. ಮುಚ್ಚಳ ಹಾಕಿದರೆ ಯಂತ್ರ ಮಲಗುತ್ತದೆಯೇ ಹೊರತು ಒಳಗೆ ಕರೆಂಟ್ ಇದ್ದೇ ಇರುತ್ತದೆ. ಸುಜಾತಳಿಗೆ ಇದನ್ನು ಮೂರು ಸಲ ಹೇಳಿದೆ. “ಕೇಬಲ್ ಮುಟ್ಟಬೇಡ, ನಾನೇ ಬರ್ತೇನೆ” ಎಂದೆ. ಅವಳು ಒಂದು ವಾರ ಆಡಿದಳು. ದಿನಾ ಮೆಸೇಜ್ ಬರುತ್ತಿತ್ತು, ಇವತ್ತು ಇಷ್ಟು ಸೆಕೆಂಡ್ ಕಮ್ಮಿ ಆಯ್ತು ಅಣ್ಣ ಎಂದು.

ಶನಿವಾರ ಫೈನಲ್. ಗುರುವಾರ ಸಂಜೆ, ಎಲ್ಲವನ್ನೂ ಕಾರಿನಲ್ಲಿ ಒಯ್ಯುವ ಹಾಗೆ ಬಿಗಿ ಮಾಡಿಕೊಡಲು ಅವಳ ಮನೆಗೆ ಹೋದೆ. ಅವಳು ಅಡುಗೆಮನೆಯಲ್ಲಿ ನೀರುದೋಸೆ ಎರೆಯುತ್ತಿದ್ದಳು. ಮೇಜಿನ ಮೇಲೆ ಲ್ಯಾಪ್‌ಟಾಪಿನ ಮುಚ್ಚಳ ಹಾಕಿತ್ತು. ಆಫ್ ಆಗಿದೆ ಎಂದುಕೊಂಡು ನಾನು ಕೇಬಲ್ ಎಳೆದೆ. ಟಿಕ್ ಹಾಕುವ ಕಾರ್ಡ್ ಎದುರಿಗೆ ಇದ್ದಿದ್ದರೆ ಮುಚ್ಚಳ ಎತ್ತಿ ನೋಡುತ್ತಿದ್ದೆ. ಸಣ್ಣಗೆ ಚಟ್ ಎಂದಿತು. ಸುಟ್ಟ ವಾಸನೆ ಬಂದು ಹೋಯಿತು. ಕೇಬಲನ್ನು ಮತ್ತೆ ಸಿಕ್ಕಿಸಿ ಪವರ್ ಬಟನ್ ಒತ್ತಿದೆ. ಏನೂ ಇಲ್ಲ.

ಸುಜಾತ ತಟ್ಟೆ ಹಿಡಿದು ಬಂದಳು. “ಎಂತ ಆಯ್ತು?”

“ಆನ್ ಆಗ್ತಾ ಇಲ್ಲ.”

ಅವಳ ಮುಖ ಇಳಿಯಿತು. “ಅಣ್ಣ, ಬೆಳಿಗ್ಗೆ ಮೇಜು ಒರೆಸುವಾಗ ನನ್ನ ಕೈ ಆ ವಯರಿಗೆ ತಾಗಿತ್ತು. ಅದರಿಂದ ಆಯ್ತಾ?”

ಅದರಿಂದ ಅಲ್ಲ, ನನ್ನಿಂದ ಆಯಿತು ಎನ್ನಲು ಎರಡು ಸೆಕೆಂಡ್ ಸಾಕಿತ್ತು. ಅಷ್ಟರಲ್ಲಿ ನವೀನ ಕೋಣೆಯಿಂದ ಬಂದ. “ಅಲ್ಲಿ ಮುಟ್ಟಬೇಡ ಅಂತ ಭಾವ ಎಷ್ಟು ಸಲ ಹೇಳಿದ್ರು ಮಾರಾಯ್ತಿ” ಎಂದ. ನಾನು ನೆಲ ನೋಡಿ, “ಇರ್ಲಿ ಬಿಡು, ಕೆಲವು ಸಲ ಹಾಗೆ ಆಗ್ತದೆ” ಎಂದೆ.

ಶುಕ್ರವಾರ ಇಡೀ ದಿನ ಬೋರ್ಡ್ ಮೇಲೆ ಕೂತೆ. ಸ್ಲಾಟಿನ ಪಕ್ಕದ ಪವರ್ ಚಿಪ್ ಬದಲಿಸಿದೆ. ಸುಟ್ಟದ್ದು ಅದೊಂದೇ ಅಲ್ಲ, ಪ್ರೊಸೆಸರಿನವರೆಗೂ ಹೋಗಿತ್ತು. ಸಂಜೆ ಐದಕ್ಕೆ ಖಲಾಸ್ ಎಂದು ಅವಳಿಗೆ ಫೋನ್ ಮಾಡಿದೆ. ಪಂದ್ಯದವರಿಗೆ ಅವಳೇ ಫೋನ್ ಮಾಡಿ ಹೆಸರು ತೆಗೆಸಿದಳು. “ನನ್ನದೇ ತಪ್ಪು ಅಂತ ಹೇಳಿದೆ ಅಣ್ಣ, ನೀನು ಬೇಜಾರು ಮಾಡ್ಬೇಡ” ಎಂದಳು.

ಆಮೇಲೆ ಸ್ಟೀರಿಂಗ್ ಡಬ್ಬಿಗೆ ಹೋಯಿತು. ಅದನ್ನಾದರೂ ತಡೆದುಕೊಂಡೆ. ಆದರೆ ಏಳು ತಿಂಗಳ ಮೇಲೆ ಒಂದು ದಿನ ಹೋದಾಗ ಅವಳ ಮಿಕ್ಸಿ ನಿಂತಿತ್ತು. ಅದರ ತಳದ ಕೆಂಪು ಬಟನ್ ಒತ್ತಿದರೆ ಸಾಕು ಎಂದೆ. ಅವಳು ಕೈ ಹಿಂದೆ ಕಟ್ಟಿಕೊಂಡು, “ನೀನೇ ಒತ್ತು” ಎಂದಳು. ಮೂರನೇ ರೋಡ್ ಟೆಸ್ಟಿಗೆ ಹೆಸರು ಕೊಟ್ಟಿದ್ದನ್ನು ಅವಳು ವಾಪಸ್ ತೆಗೆದುಕೊಂಡಿದ್ದಾಳೆ ಎಂದು ನವೀನ ಹೇಳಿದ. “ನನ್ನ ಕೈಗೆ ಮೆಷಿನ್ ಆಗಿ ಬರುದಿಲ್ಲ ಅಂತಾಳೆ ಭಾವ.”

ಮರುದಿನ ಅಂಗಡಿಯಲ್ಲಿ ಒಂದು ಜಾಬ್ ಕಾರ್ಡ್ ತೆಗೆದು ತುಂಬಿದೆ. ಯಂತ್ರ ಬಂದ ಸ್ಥಿತಿ: ಚೆನ್ನಾಗಿತ್ತು. ಆಫ್ ಆಗಿದೆಯೇ: ನೋಡಲಿಲ್ಲ. ಹಾಳಾದ ಕಾರಣ: ಟೆಕ್ನಿಷಿಯನ್ ಕೇಬಲ್ ಎಳೆದ. ಗಿರಾಕಿಯ ತಪ್ಪು: ಇಲ್ಲ. ಭಾನುವಾರ ಅದನ್ನು ಅವಳ ಕೈಗೆ ಕೊಟ್ಟೆ. ಬಾಯಲ್ಲಿ ಹೇಳುವ ಧೈರ್ಯ ಆಗಲೂ ಇರಲಿಲ್ಲ.

ಸುಜಾತ ಓದಿದಳು. ಮತ್ತೊಮ್ಮೆ ಓದಿದಳು.

“ನಾನು ಕೇಳಿದೆ ನಿನ್ನ ಹತ್ತಿರ. ಅದರಿಂದ ಆಯ್ತಾ ಅಂತ.”

“ಹೌದು, ಕೇಳಿದ್ದಿ.”

“ನೀನು ಸುಮ್ಮನೆ ದೋಸೆ ತಿಂದಿ.”

ಅವಳು ಕಾರ್ಡನ್ನು ಮೇಜಿನ ಮೇಲಿಟ್ಟು, “ಸಹಿ ಹಾಕ್ಲಿಲ್ಲ ನೀನು” ಎಂದಳು. ಹಾಕಿದೆ. ಅದನ್ನು ನವೀನನಿಗೆ ತೋರಿಸಿ, ಮಡಚಿ ತನ್ನ ಪರ್ಸಿನಲ್ಲಿ ಇಟ್ಟುಕೊಂಡಳು. ಆಮೇಲೆ ಎರಡು ತಿಂಗಳು ನನಗೆ ಫೋನ್ ಮಾಡಲಿಲ್ಲ.

ಹೊರಗಿನ ಗ್ರಾಫಿಕ್ಸ್ ಕಾರ್ಡ್ ಹಾಕಬಹುದೇ ಎಂದು ಕೇಳಿ ಈಗಲೂ ಜನ ಬರುತ್ತಾರೆ. ಥಂಡರ್‌ಬೋಲ್ಟ್ ಇದ್ದರೆ ಹಾಕಬಹುದು, ಇಲ್ಲದಿದ್ದರೆ ಬೇಡ, ಗೇಮಿಂಗ್ ಯಂತ್ರವನ್ನೇ ತೆಗೆದುಕೊಳ್ಳಿ ಎನ್ನುತ್ತೇನೆ. ನನ್ನಂಥ ಒಬ್ಬ ಮುಚ್ಚಳ ಬಿಚ್ಚಿ ದಾರಿ ಮಾಡಿಕೊಡಬಲ್ಲ. ಆದರೆ ಒಂದು ಕ್ಷಣ ನೋಡದೆ ಕೈಹಾಕಿದರೆ ಯಂತ್ರವೇ ಹೋಗುತ್ತದೆ. ಯಂತ್ರ ಹೋದದ್ದನ್ನು ಅಂಗಡಿಯಲ್ಲಿ ಹೇಳುವಷ್ಟು ಸುಲಭವಾಗಿ ಮನೆಯಲ್ಲಿ ಹೇಳಲು ಆಗುವುದಿಲ್ಲ ಎಂದು ಈ ಕೆಲಸ ನನಗೆ ಕಲಿಸಿತು. ಜಾಬ್ ಕಾರ್ಡ್ ಹೆಚ್ಚು ಬೇಕಾಗಿರುವುದು ಅಲ್ಲಿಗೇ.

ಹೋದ ವರ್ಷ ಒಂದು ಬೆಳಿಗ್ಗೆ ಸುಜಾತ ಅಂಗಡಿಗೆ ಬಂದಳು. ಅಬುಧಾಬಿಯಿಂದ ಒಬ್ಬಳೇ ಕಾರು ಓಡಿಸಿಕೊಂಡು ಬಂದಿದ್ದಳು. ಪಾರ್ಕಿಂಗ್ ಸಿಗಲಿಲ್ಲ ಎಂದು ಬೈದುಕೊಳ್ಳುತ್ತಲೇ ಹೊಸ ಲ್ಯಾಪ್‌ಟಾಪನ್ನು ಕೌಂಟರಿನ ಮೇಲಿಟ್ಟಳು. ಫ್ಯಾನ್ ಶಬ್ದ ಮಾಡುತ್ತಿತ್ತಂತೆ. ನಾನು ಕೈ ಚಾಚಿದೆ. ಅವಳು ಲ್ಯಾಪ್‌ಟಾಪನ್ನು ತನ್ನ ಕಡೆಗೆ ಎಳೆದುಕೊಂಡಳು.

“ಮೊದಲು ಕಾರ್ಡ್ ಬರಿ” ಎಂದಳು.

ಎರಡು ಬರೆದೆ. ಒಂದನ್ನು ಅವಳಿಗೆ ಕೊಟ್ಟೆ.