ಗೌರಮ್ಮನ ಹಾಡು ರೇಡಿಯೋಕ್ಕೆ ಹೋದದ್ದು

ಅದು 1961ರ ಸುಗ್ಗಿಯ ಕಾಲ. ದಾವಣಗೆರೆಯ ಪಿ.ಜೆ. ಬಡಾವಣೆಯಲ್ಲಿ ಕೋಣೆ ಹಿಡಿದು ನಾನು ಒಂದು ದಿನಪತ್ರಿಕೆಗೆ ವರದಿ ಕಳಿಸುತ್ತಿದ್ದೆ. ನಂದಿಗುಡಿಯ ಗೌರಮ್ಮ ಎಂಬ ವೃದ್ಧೆ ರಾಗಿ ಬೀಸುವಾಗ ಹಾಡುವ ಪದಗಳ ಬಗ್ಗೆ ಒಮ್ಮೆ ಬರೆದಿದ್ದೆ. ಅದನ್ನು ಓದಿದ ಸರ್ಕಾರಿ ಬಾನುಲಿ ನಿಲಯದ ಅಧಿಕಾರಿಯೊಬ್ಬರು ಧ್ವನಿಮುದ್ರಣಕ್ಕೆ ಬರುವುದಾಗಿ ತಿಳಿಸಿದರು.

ಬಂದರು. ಎರಡು ಕಾರು, ಏಳು ಜನ. ಆದರೆ ಹರಿಹರದ ಪ್ರವಾಸಿ ಬಂಗಲೆ ಬಿಟ್ಟು ಮುಂದಕ್ಕೆ ಹೊರಡಲಿಲ್ಲ. ರಸ್ತೆ ಸರಿಯಿಲ್ಲ, ಯಂತ್ರ ಕುಲುಕಬಾರದು ಎಂದರು. ಕಡೆಗೆ ಗೌರಮ್ಮನೇ ಎತ್ತಿನ ಗಾಡಿಯಲ್ಲಿ ಬಂದರು, ಬೀಸುಕಲ್ಲು ಸಮೇತ.

"ಕಲ್ಲು ಯಾಕಮ್ಮ ತಂದ್ರಿ?" ಎಂದು ಅಧಿಕಾರಿ ಕೇಳಿದರು.

"ಕಲ್ಲಿಲ್ದ ಪದ ಹೆಂಗ್ ಬರ್ತಾವ್ರಿ? ಬಾಯಿಲ್ದ ನಿಮ್ಗೆ ಊಟ ಹೋಗ್ತೈತೇನು?"

ಕಲ್ಲಿನ ಗರಗರ ಸದ್ದು ಯಂತ್ರಕ್ಕೆ ಆಗದು ಎಂದು ಅದನ್ನು ಜಗಲಿಯಲ್ಲೇ ಇಡಿಸಿದರು. ಗೌರಮ್ಮ ಜಮಖಾನದ ಮೇಲೆ ಕೂತು, ಕಣ್ಣು ಮುಚ್ಚಿ, ಬರಿಗಾಳಿಯಲ್ಲಿ ಬಲಗೈ ತಿರುಗಿಸುತ್ತ ಹಾಡಿದರು.

ಹಾಡುವ ಮೊದಲೇ ನನ್ನ ಕಿವಿಯಲ್ಲಿ ಹೇಳಿದ್ದರು: "ನನ್ ಮಗಳು ಬಸಮ್ಮ ಹುಬ್ಬಳ್ಳಿಯಾಗ ಅದಾಳ್ರಿ. ಅತ್ತಿ ತವರಿಗೆ ಕಳಸಲ್ಲ. ಬಾಜೂ ಮನ್ಯಾಗ ರೇಡಿಯೋ ಐತಂತೆ. ಪದದಾಗ ಅಕಿ ಹೆಸರು ಸೇರಿಸ್ತೀನಿ. ಕೇಳಿದ್ಲು ಅಂದ್ರ, ಅವ್ವ ಕರೀತಾಳ ಅಂತ ಗೊತ್ತಾಗ್ತೈತೆ."

ಮುದ್ರಣ ಮುಗಿದ ಮೇಲೆ ಒಳಗೆ ಏಳು ಜನರಿಗೂ ಹೋಳಿಗೆ ಊಟ. ಗೌರಮ್ಮನಿಗೆ ಜಗಲಿಯಲ್ಲಿ ಒಂದು ಲೋಟ ಚಹಾ. ಪ್ರಸಾರದ ದಿನ ಕೇಳಿಕೊಂಡು ನಾನೇ ಬಸಮ್ಮನಿಗೆ ಕಾರ್ಡು ಬರೆದೆ.

ಆ ಸಂಜೆ ನಂದಿಗುಡಿಯ ಪಂಚಾಯ್ತಿ ರೇಡಿಯೋ ಮುಂದೆ ಊರೇ ಸೇರಿತ್ತು. ಗೌರಮ್ಮ ಪೆಟ್ಟಿಗೆಯಲ್ಲಿಟ್ಟಿದ್ದ ಸೀರೆ ಉಟ್ಟು ಮುಂದೆ ಕೂತಿದ್ದರು. ನಂದಿಗುಡಿಯ ಬೀಸುವ ಪದ ಎಂದು ಘೋಷಿಸಿದರು. ಬಂದದ್ದು ಯಾವುದೋ ಪಟ್ಟಣದ ಹೆಣ್ಣುಮಗಳ ದನಿ, ಜೊತೆಗೆ ಹಾರ್ಮೋನಿಯಂ ಪೇಟಿ, ತಬಲಾ. ಮಾತುಗಳು ಗೌರಮ್ಮನವೇ. ಬಸಮ್ಮನ ಹೆಸರು ಮಾತ್ರ ಇರಲಿಲ್ಲ.

"ಗೌರಜ್ಜಿ, ನಿನ್ ಗಂಟಲಾಗ ಪೇಟಿ ಯಾವಾಗ ಹೊಕ್ಕಂತು?" ಎಂದು ಯಾರೋ ಕೂಗಿದರು. ಜನ ನಕ್ಕರು. ಗೌರಮ್ಮ ಎದ್ದು ಮನೆಗೆ ಹೋದರು.

ಕೆಲವು ವಾರಗಳ ನಂತರ ಅದೇ ಅಧಿಕಾರಿ ದಾವಣಗೆರೆಯ ಒಂದು ಸಮಾರಂಭಕ್ಕೆ ಬಂದಿದ್ದರು. ನೇರವಾಗಿ ಕೇಳಿದೆ. ಅವರಿಗೆ ಮುಜುಗರವೇನೂ ಆಗಲಿಲ್ಲ.

"ಟೇಪು ಪರದೇಶದಿಂದ ಬರಬೇಕು, ದುಬಾರಿ. ಅದನ್ನು ಅಳಿಸಿ ಮಂತ್ರಿಗಳ ಭಾಷಣ ತೆಗೆದುಕೊಂಡೆವು. ಪದ ಬರೆದುಕೊಂಡಿದ್ದೆವಲ್ಲ, ನಮ್ಮ ಗಾಯಕಿಯಿಂದ ಹಾಡಿಸಿದೆವು. ಸಾರ್ವಜನಿಕರ ಹಣ ನೋಡಿ, ಮಿತವ್ಯಯ ಬೇಡವೇ?"

"ಎರಡು ಕಾರು, ಏಳು ಜನ?"

"ಅದು ಬೇರೆ ಬಾಬತ್ತು."

ಈ ಮಾತನ್ನು ಅಕ್ಷರಶಃ ವರದಿ ಮಾಡಿದೆ. ಒಳಪುಟದಲ್ಲಿ ಅಚ್ಚಾಯಿತು. ನಿಲಯದಿಂದ ಉತ್ತರ ಬರಲಿಲ್ಲ.

ಗೌರಮ್ಮನಿಗೆ ನಿಜ ಹೇಳಲೇಬೇಕೆಂದು ನಂದಿಗುಡಿಯ ಬಸ್ಸು ಹತ್ತಿದೆ. ಅವರು ಬೀಸುತ್ತಿದ್ದರು. ಹಾಡುತ್ತಿರಲಿಲ್ಲ. ಹುಬ್ಬಳ್ಳಿಯಿಂದ ಬಂದವರ ಕೈಲಿ ಬಸಮ್ಮ ಹೇಳಿ ಕಳಿಸಿದ್ದಳಂತೆ: ಯಾರೋ ಚೆನ್ನಾಗಿ ಹಾಡಿದರು, ಅವ್ವನ ಸರದಿ ಬರಲೇ ಇಲ್ಲ, ಮುಗಿಯುವ ತನಕ ಬಾಜೂ ಮನೆಯಲ್ಲೇ ಕೂತಿದ್ದೆ.

ನಾನು ಹೇಳಿದ್ದನ್ನೆಲ್ಲ ಕೇಳಿ ಗೌರಮ್ಮ ಕಲ್ಲು ನಿಲ್ಲಿಸಿದರು.

"ಅಳಸಾಕ ಅಂತಾನೇ ಕರಸಿದ್ರೇನ್ರಿ?"

ಅವರು ಇನ್ನೊಂದು ಹಿಡಿ ರಾಗಿ ಹಾಕಿ ಗೂಟ ಹಿಡಿದರು.

ರೇಡಿಯೋಕ್ಕೆ ಲೈಸೆನ್ಸು ಬೇಕಿದ್ದ ಅಷ್ಟೂ ವರ್ಷ ನಾನು ಅಂಚೆ ಕಚೇರಿಯಲ್ಲಿ ತಪ್ಪದೆ ಹಣ ಕಟ್ಟಿದೆ. ಬಾನುಲಿಗೆ ಹೋಗುತ್ತಿದ್ದ ಹಣ ಅದು; ನಿಲಯದವರ ಎರಡು ಕಾರಿನಲ್ಲಿ ನನ್ನ ಪಾಲೂ ಇತ್ತು. ಪ್ರತಿ ಸಲವೂ ಆ ಕಿಟಕಿಯ ಮುಂದೆ ಗೌರಮ್ಮನ ಪ್ರಶ್ನೆ ನನಗೆ ಕೇಳಿಸುತ್ತಿತ್ತು. ಅವರ ದನಿಯಲ್ಲಿ ಈಗ ನನ್ನ ಬಳಿ ಉಳಿದಿರುವುದು ಅದೊಂದೇ.