ಒಂದು ರೊಟ್ಟಿ ತಿನ್ನುವಷ್ಟು ಹೊತ್ತು

ಆ ಕಾಲದಲ್ಲಿ ನಮ್ಮೂರಿಗೆ ಹವಾಮಾನದ ಸುದ್ದಿ ರೇಡಿಯೊದಿಂದ ಬರುತ್ತಿರಲಿಲ್ಲ, ಹುಲಿಗೆಮ್ಮಾಯಿಯ ರೊಟ್ಟಿಯಿಂದ ಬರುತ್ತಿತ್ತು. ನಗಬೇಡಿ. ನಿಮ್ಮ ಬಾಲ್ಯವೂ ಕೃಷ್ಣೆಯ ನಡುಗಡ್ಡೆಯಲ್ಲಿ ಕಳೆದಿದ್ದರೆ ನೀವೂ ಹೀಗೇ ಹೇಳುತ್ತಿದ್ದಿರಿ. ರಾಯಚೂರಿನಿಂದ ಯಾಪಲದಿನ್ನಿ ಕಡೆಗೆ ಬರುವ ಬಸ್ಸು ಆಚೆ ದಡದ ಬೇವಿನ ಗಿಡದ ಕೆಳಗೆ ನಿಂತುಬಿಡುತ್ತಿತ್ತು. ಅಲ್ಲಿಂದ ನಮ್ಮ ಮನೆಗೆ ಬರಲು ಇದ್ದದ್ದು ಬಿದಿರು ಹೆಣೆದು ಡಾಂಬರು ಬಳಿದ ಒಂದೇ ದುಂಡು ತೆಪ್ಪ. ಗಂಡ ತೀರಿದ ಮೇಲೆ ಅದರ ಹುಟ್ಟು ಹಿಡಿದವಳು ಹುಲಿಗೆಮ್ಮ. ಊರಿಗೆಲ್ಲ ಅವಳು ಆಯಿ.

ತೆಪ್ಪ ಇಳಿಸುವ ಮುನ್ನ ಆಯಿ ಹಿಡಿ ಜೋಳದ ಹೊಟ್ಟು ತೂರಿ ಗಾಳಿ ನೋಡುವಳು. ನೀರನ್ನು ಬೊಗಸೆಯಲ್ಲೆತ್ತಿ ಮೂಸುವಳು. ಹೊಸ ಮಣ್ಣಿನ ವಾಸನೆ ಬಂದರೆ ಮೇಲೆಲ್ಲೋ ಮಳೆಯಾಗಿದೆ ಎಂದು ಲೆಕ್ಕ. ಆಮೇಲೆ ನೀರಿನ ಅಂಚಿನಿಂದ ಗೇಣು ಮೇಲೆ ಅಂಗೈ ಅಗಲದ ಚಪ್ಪಟೆ ಕಲ್ಲೊಂದನ್ನಿಟ್ಟು, ಪಕ್ಕದಲ್ಲೇ ಕೂತು, ಪುಂಡಿಪಲ್ಯ ಹಚ್ಚಿದ ಸಜ್ಜೆ ರೊಟ್ಟಿ ತಿನ್ನುವಳು. ರೊಟ್ಟಿ ಮುಗಿಯುವುದರೊಳಗೆ ನೀರು ಬಂದು ಕಲ್ಲು ಮುಟ್ಟಿದರೆ ಹೊಳೆ ಏರುತ್ತಿದೆ ಎಂದರ್ಥ, ಅವತ್ತು ತೆಪ್ಪ ಇಲ್ಲ. ಮುಟ್ಟದಿದ್ದರೆ ಕಲ್ಲನ್ನೆತ್ತಿ ತೆಪ್ಪದಲ್ಲಿಟ್ಟುಕೊಂಡೇ ಹೊರಡುವಳು. ಅಂಥ ಕಲ್ಲು ಮತ್ತೆ ಸಿಗಬೇಕಲ್ಲ!

ವಾರಕ್ಕೊಮ್ಮೆ ಬರುತ್ತಿದ್ದ ಬಳೆಗಾರ ಖಾಜಾಸಾಬರು ಇದನ್ನು ಕಂಡು ಸುಮ್ಮನಿರುತ್ತಿರಲಿಲ್ಲ.

"ಆಯಿ, ನಿನಗ ಹೊಳಿ ನೋಡಾಕ ರೊಟ್ಟಿ ಬೇಕೋ, ರೊಟ್ಟಿ ತಿನ್ನಾಕ ಹೊಳಿ ಬೇಕೋ?"

"ನಿನಗ ದಡ ಬೇಕೋ, ತಳ ಬೇಕೋ? ಅದನ್ನ ಹೇಳು," ಎನ್ನುವಳು ಆಯಿ, ಅಗಿಯುವುದನ್ನು ಒಂದಿಷ್ಟೂ ಚುರುಕು ಮಾಡದೆ.

ನಾನು ನಾಲ್ಕನೆಯ ಕ್ಲಾಸಿನಲ್ಲಿದ್ದ ವರ್ಷ, ಶ್ರಾವಣಕ್ಕೆ ಮುಂಚೆ, ಅವ್ವ ರಾಯಚೂರಿನ ದವಾಖಾನೆ ಸೇರಿದಳು. ತಮ್ಮ ಏಳು ತಿಂಗಳಿಗೇ ಹುಟ್ಟಿದ್ದ. ಅವನನ್ನು ಗಾಜಿನ ಪೆಟ್ಟಿಗೆಯಲ್ಲಿ ಇಟ್ಟಿದ್ದಾರೆ ಎಂಬ ಸುದ್ದಿ ಬಂದಾಗ ನಾನು ಖಾಜಾಸಾಬರ ಬಳೆ ಪೆಟ್ಟಿಗೆಯನ್ನೇ ಕಲ್ಪಿಸಿಕೊಂಡಿದ್ದೆ. ಅಪ್ಪನೂ ಅಲ್ಲೇ ಉಳಿದ. ಇಪ್ಪತ್ತೈದು ದಿನ ನಾನು ಅಜ್ಜಿಯ ಕೈಯಲ್ಲಿದ್ದೆ. ಅಜ್ಜಿ ಜಡೆ ಹೆಣೆದರೆ ಕಣ್ಣು ಮೇಲಕ್ಕೆಳೆದುಕೊಳ್ಳುತ್ತಿದ್ದವು. ಅವ್ವನಿಲ್ಲದ ಮನೆ ನನಗೆ ಬೇಡವಾಗಿತ್ತು.

ಅವರು ಬರುವ ದಿನ ಊಟಕ್ಕೂ ಹೋಗದೆ ದಡದಲ್ಲೇ ಕೂತಿದ್ದೆ. ಒಳ್ಳೆಯ ಬಿಸಿಲಿತ್ತು, ಮೋಡದ ಚೂರೂ ಇರಲಿಲ್ಲ. ಬಸ್ಸು ಬಂತು. ಬೇವಿನ ಗಿಡದ ಕೆಳಗೆ ಹಳದಿ ಸೀರೆ ಕಂಡಿತು. ಅವ್ವ! ಕೂಗಿದರೆ ಕೇಳುವಷ್ಟು ಹತ್ತಿರವಲ್ಲ. ಅವಳು ಎದೆಗವಚಿದ್ದ ಬಿಳಿ ಗಂಟನ್ನು ಸ್ವಲ್ಪ ಮೇಲೆತ್ತಿ ತೋರಿಸಿದಳು. ನನಗೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಆಯಿ ಕಲ್ಲಿಟ್ಟು ಕೂತಳು. ಅರ್ಧ ರೊಟ್ಟಿ ಆಗಿತ್ತು. ಅಷ್ಟರಲ್ಲಿ ಆಚೆ ದಡಕ್ಕೆ ಹೊರಟು ನಿಂತಿದ್ದ ಖಾಜಾಸಾಬರ ಬಳೆ ಗಂಟು ಜಾರಿತೆಂದು ಅವಳು ಅದನ್ನು ಹಿಡಿಯಲು ಎದ್ದುಹೋದಳು. ನಾನು ಕಲ್ಲಿನ ಕಡೆ ನೋಡಿದೆ. ನೀರು ಅದನ್ನು ಸುತ್ತಿಕೊಂಡಿತ್ತು.

ಬಿಸಿಲು ಹೀಗಿರುವಾಗ ಹೊಳೆ ಏರುವುದುಂಟೇ ಎಂದು ನನಗೆ ನಾನೇ ಹೇಳಿಕೊಂಡೆ. ಮೇಲಿನ ಅಣೆಕಟ್ಟಿನ ಗೇಟು ತೆಗೆದರೆ ಬಿಸಿಲಲ್ಲೂ ಏರುತ್ತದೆಂದು ನನಗೆ ಗೊತ್ತಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ಕಲ್ಲನ್ನೆತ್ತಿದೆ, ಲಂಗದಿಂದ ಒರೆಸಿದೆ, ಮೊಳದಷ್ಟು ಮೇಲೆ ಒಣ ಉಸುಕಿನಲ್ಲಿಟ್ಟೆ.

ಆಯಿ ಬಂದಳು, ನಿಂತೇ ಉಳಿದ ರೊಟ್ಟಿ ಮುಗಿಸಿದಳು, ಕಲ್ಲಿನ ಕಡೆ ನೋಡಿದಳು. "ಬರೋಬರಿ ಅದ. ಹತ್ತು ಖಾಜಾ," ಎಂದಳು. ಸಾಬರು ಗಂಟಿನ ಸಮೇತ ಹತ್ತಿ ಕೂತರು. ಆಯಿ ಬಗ್ಗಿ ಕಲ್ಲನ್ನೆತ್ತಿಕೊಂಡಳು. ಎತ್ತಿದವಳು ಅದರ ಅಡಿ ನೋಡಿದಳು. ನಾನು ಮೇಲೆ ಒರೆಸಿದ್ದೆ, ಅಡಿಯನ್ನು ಮರೆತಿದ್ದೆ. ಅಲ್ಲಿ ಹಸಿ ಕೆಸರು ಮೆತ್ತಿತ್ತು.

"ಯಾ ಅಲ್ಲಾ!" ಎನ್ನುತ್ತ ಸಾಬರು ಇಳಿದೇಬಿಟ್ಟರು.

ಆಯಿ ಬೈಯಲಿಲ್ಲ. ನನ್ನ ಹಸಿ ಲಂಗ ನೋಡಿ ಹತ್ತಿರ ಬಂದು ಕೂತಳು.

"ಸರೂ, ಒಂದ್ ಮಾತ್ ಹೇಳ್ ಬೇ. ಹೋಗೋ ಮುಂದ ತೆಪ್ಪದಾಗ ನಾನು, ಖಾಜಾ. ಬರೋ ಮುಂದ ಯಾರ್ ಕೂಡತಿದ್ರು?"

ಆಗ ನನಗೆ ಅಳು ಬಂತು. ಅಲ್ಲಿಯತನಕ ತೆಪ್ಪ ಹೋಗುವುದನ್ನಷ್ಟೇ ಯೋಚಿಸಿದ್ದೆ. ಏರುವ ಹೊಳೆಯಲ್ಲಿ ಅದು ಅವ್ವನನ್ನೂ ಆ ಬಿಳಿ ಗಂಟನ್ನೂ ಹೊತ್ತು ಬರಬೇಕೆಂಬುದು ನನ್ನ ತಲೆಗೇ ಹೋಗಿರಲಿಲ್ಲ.

ಆಯಿ ತಲೆಯ ಕೆಂಪು ವಸ್ತ್ರ ಬಿಚ್ಚಿ ಬೀಸಿದಳು. ಇವತ್ತಿಲ್ಲ ಎಂದು ಅದರರ್ಥ. ಅಪ್ಪ ಅವ್ವನನ್ನು ಕರೆದುಕೊಂಡು ಆಚೆ ಊರಿನ ನೆಂಟರ ಮನೆಯ ಕಡೆ ತಿರುಗಿದ. ಹೊತ್ತು ಮುಳುಗುವ ಮುನ್ನ ಬೇರು ಸಮೇತ ಕಿತ್ತ ಜಾಲಿಮರವೊಂದು ತೆಪ್ಪ ಹೋಗುವ ದಾರಿಯಲ್ಲೇ ಗರಗರ ತಿರುಗುತ್ತ ತೇಲಿಹೋಯಿತು. ಆ ರಾತ್ರಿ ನಾನು ಅಜ್ಜಿಯ ಸೆರಗು ಬಿಡಲಿಲ್ಲ.

ಎರಡು ದಿನ ತೆಪ್ಪ ಇಳಿಯಲಿಲ್ಲ. ಮೂರನೆಯ ಬೆಳಿಗ್ಗೆ ಆಯಿ ಮನೆಗೇ ಬಂದು ನನ್ನನ್ನು ಕರೆದಳು. ದಡದಲ್ಲಿ ಕಲ್ಲನ್ನು ನನ್ನ ಕೈಗಿಟ್ಟಳು, ರೊಟ್ಟಿಯನ್ನೂ ಕೊಟ್ಟಳು.

"ಇವತ್ತ ನೀ ನೋಡು. ನೀ ಹೋಗು ಅಂದ್ರ ಹೋಗತೀನಿ, ಬ್ಯಾಡ ಅಂದ್ರ ಕೂಡತೀನಿ."

"ನಾ ವಲ್ಲೆ ಆಯಿ. ನೀನ ನೋಡು."

"ನನ್ನ ಕಣ್ಣಿಗೆ ಇವತ್ತ ರಜಾ," ಎಂದು ಅವಳು ಹೊಳೆಗೆ ಬೆನ್ನು ಹಾಕಿ ಕೂತಳು.

ಆಚೆ ಹಳದಿ ಸೀರೆ ನಿಂತಿತ್ತು. ಹೊಟ್ಟು ತೂರಿದೆ. ಅದು ಕಾಲ ಬಳಿಯೇ ಬಿತ್ತು. ನೀರು ಮೂಸಿದೆ, ಮಣ್ಣಿನ ವಾಸನೆಯಿರಲಿಲ್ಲ. ಗೇಣು ಮೇಲೆ ಕಲ್ಲಿಟ್ಟು ಕೂತೆ. ಅಷ್ಟು ನಿಧಾನವಾಗಿ ನಾನು ಯಾವತ್ತೂ ರೊಟ್ಟಿ ತಿಂದವಳಲ್ಲ. ಮುಗಿದಾಗ ನೀರು ಎರಡು ಬೆರಳು ಕೆಳಗಿಳಿದಿತ್ತು. ಆದರೂ ಕೈ ಚಾಚಿದೆ.

"ಇನ್ನೊಂದು ರೊಟ್ಟಿ ಕೊಡು ಆಯಿ."

ಅವಳ ಬೆನ್ನು ನಗುವಿನಿಂದ ಕುಲುಕಿತು. ಎರಡನೆಯದನ್ನೂ ತಿಂದೆ. ನೀರು ಇನ್ನಷ್ಟು ಇಳಿದಿತ್ತು. ಕಲ್ಲನ್ನೆತ್ತಿಕೊಂಡು "ಹೋಗು," ಎಂದೆ. ಆಯಿ ಎದ್ದಳು. ಕಲ್ಲಿನ ಕಡೆಯಾಗಲಿ ಹೊಳೆಯ ಕಡೆಯಾಗಲಿ ಒಮ್ಮೆಯೂ ನೋಡದೆ, ಕಲ್ಲನ್ನು ನನ್ನ ಕೈಯಿಂದ ಈಸಿಕೊಂಡು ತೆಪ್ಪ ಹತ್ತಿ ಹೋದಳು. ಅವಳು ಮರಳುವವರೆಗೂ ನಾನು ನಿಂತಲ್ಲೇ ನಿಂತಿದ್ದೆ.

ಅವ್ವ ಇಳಿದಳು. ಅವಳ ಸೀರೆಗೆ ದವಾಖಾನೆಯ ಔಷಧಿಯ ವಾಸನೆ, ಹಾಲಿನ ವಾಸನೆ ಎರಡೂ ಇದ್ದವು. ಗಂಟಿನೊಳಗಿನವನು ನನ್ನ ಬೆರಳು ಹಿಡಿದು ಬಿಡಲೇ ಇಲ್ಲ. ಕಲ್ಲಿನ ಸುದ್ದಿಯನ್ನು ಆಯಿಯಾಗಲಿ ಸಾಬರಾಗಲಿ ಮನೆಯಲ್ಲಿ ಎತ್ತಲಿಲ್ಲ.

ಈಗ ಗೇಟು ತೆಗೆಯುವ ಮುನ್ನವೇ ಮೊಬೈಲಿಗೆ ಸಂದೇಶ ಬರುತ್ತದೆ. ಮೋಟಾರು ದೋಣಿ ಬಂದಿದೆ, ಹತ್ತುವವರಿಗೆ ತೇಲುವ ಅಂಗಿ ಕೊಡುತ್ತಾರೆ. ಒಳ್ಳೆಯದೇ ಆಯಿತು. ಆರಡಿ ಬೆಳೆದ ನನ್ನ ತಮ್ಮ ಹೊಳೆ ದಾಟುವಾಗ ನೀರನ್ನು ನೋಡುವುದೇ ಇಲ್ಲ. ಆಯಿ ಇಲ್ಲ. ಅವಳ ಜೊತೆ ಹೋದದ್ದು ಹೊಳೆ ಓದುವ ವಿದ್ಯೆ ಒಂದೇ ಅಲ್ಲ. ಮೋಸ ಮಾಡಿ ಸಿಕ್ಕಿಬಿದ್ದ ಮಗುವಿನ ಮಾತನ್ನು ಮೂರೇ ದಿನಕ್ಕೆ ನಂಬಿ ನೀರಿಗಿಳಿಯುವ ದೊಡ್ಡವರು ಈಗ ಕಡಿಮೆ. ಪೋತ್ನಾಳದಲ್ಲಿ ಮೇಷ್ಟ್ರು ಕೆಲಸ ಮಾಡುವ ನನಗೂ ಅಷ್ಟು ದೊಡ್ಡ ಎದೆಯಿಲ್ಲ.

ಆದರೂ ಕಳೆದ ವಾರ ಕಿರುಪರೀಕ್ಷೆಯಲ್ಲಿ ನಕಲು ಮಾಡಿದ ಹುಡುಗಿಯೊಬ್ಬಳನ್ನು ನಿನ್ನೆ ಕರೆದು ಇಡೀ ತರಗತಿಯ ಈ ವಾರದ ಹಾಳೆಗಳನ್ನು ತಿದ್ದಲು ಕೊಟ್ಟೆ. ಅವಳದೂ ಅದರಲ್ಲಿತ್ತು. ಸಂಜೆ ತಂದುಕೊಟ್ಟಳು. ಒಮ್ಮೆ ತಿರುವಿ ನೋಡೋಣ ಎನಿಸಿದ್ದು ನಿಜ. ಅವಳು ಬಾಗಿಲಲ್ಲೇ ನಿಂತು ನನ್ನ ಕೈಯನ್ನೇ ನೋಡುತ್ತಿದ್ದಳು. ನಾನು ಹಾಳೆಗಳನ್ನು ನೋಡದೆ ಬೀರುವಿನಲ್ಲಿಟ್ಟೆ.