ಸಕ್ಕರೆ ಬ್ಯಾನಿಯ ಮಕ್ಕಳ ಬೆನ್ನಿಗೆ ಉಡಚವ್ವ

ಹಾನಗಲ್ಲಿನ ಪೇಟೆ ಇನ್ನೂ ಎದ್ದಿಲ್ಲ. ಖಾಸಗಿ ದವಾಖಾನೆಯೊಂದರ ಹಿತ್ತಲಲ್ಲಿ ಸೀಮೆಎಣ್ಣೆ ಸ್ಟೋವು ಉರಿಯುತ್ತಿದೆ. ಕುದಿಯುವ ನೀರಿನಿಂದ ಗಾಜಿನ ಸಿರಿಂಜನ್ನು ಚಿಮಟದಲ್ಲಿ ಎತ್ತಿ ಆರಲು ಬಿಡುತ್ತಾಳೆ ಆಯಾ ಉಡಚವ್ವ. ಹಸಿ ಮರಳಿನಲ್ಲಿ ಹೂತಿಟ್ಟ ಗಡಿಗೆಯಿಂದ ಇನ್ಸುಲಿನ್ ಶೀಶೆ ತೆಗೆದು, ಔಷಧ ಎಳೆದುಕೊಂಡು, ತನ್ನ ತೊಡೆಗೆ ತಾನೇ ಚುಚ್ಚಿಕೊಳ್ಳುತ್ತಾಳೆ. ಮುಖದ ಗೆರೆ ಕದಲುವುದಿಲ್ಲ.

“ಮದ್ಲ ನನಗರಿ, ಆಮ್ಯಾಲೆ ಮಂದಿಗೆ” ಎನ್ನುತ್ತಾ ರೊಟ್ಟಿ ಮುರಿಯುತ್ತಾಳೆ. ಆಡೂರಿನ ಬಸ್ಸು ಹಿಡಿಯಬೇಕು.

ರಟ್ಟೀಹಳ್ಳಿ ಕಡೆಯ ಈ ಹೆಣ್ಣುಮಗಳಿಗೆ ಈಗ, ಎಂಬತ್ತಾರನೇ ಇಸವಿಯಲ್ಲಿ, ಮೂವತ್ತರ ವಯಸ್ಸು. ಎಪ್ಪತ್ತನೇ ಇಸವಿಯ ಬೇಸಿಗೆಯಲ್ಲಿ ಎಷ್ಟು ನೀರು ಕುಡಿದರೂ ದಾಹ ತೀರದೆ, ಎಲುಬಿನ ಹಂದರವಾಗಿ, ಎಚ್ಚರ ತಪ್ಪಿದ್ದ ಅವಳನ್ನು ಅಪ್ಪ ಚಕ್ಕಡಿಯಲ್ಲಿ ಹಾಕಿಕೊಂಡು ತಂದದ್ದು ಇದೇ ದವಾಖಾನೆಗೆ. ಡಾಕ್ಟರು ಮುಂದೆ ಬಿಡಿಸಿ ಹೇಳಿದರು: ಮೇದೋಜೀರಕ ಗ್ರಂಥಿಯಲ್ಲಿ ನಡುಗಡ್ಡೆಗಳಂತೆ ಚದುರಿದ ಜೀವಕೋಶಗಳ ಗುಂಪುಗಳಿವೆ. ಸಕ್ಕರೆಯನ್ನು ಹತೋಟಿಯಲ್ಲಿಡುವ ಇನ್ಸುಲಿನ್ ಹುಟ್ಟುವುದು ಅಲ್ಲೇ. ಕೆಲವು ಮಕ್ಕಳಲ್ಲಿ ಆ ಜೀವಕೋಶಗಳು ಸಾಯಲು ಅಪ್ಪಣೆ ಸಿಕ್ಕಂತೆ ಮುದುಡಿ ಮುಗಿದುಹೋಗುತ್ತವೆ. ಅಪ್ಪಣೆ ಎಲ್ಲಿಂದ ಬರುತ್ತದೆಂದು ತಮಗೂ ತಿಳಿಯದು ಎಂದರು.

“ನೋವಾಗಿದ್ರ ಚೀರ್ತಿದ್ದೆ. ಸದ್ದಿಲ್ದಂಗ ಹೋದುವ್ರಿ ಒಳಗಿನ ಜೀವ” ಎನ್ನುತ್ತಾಳೆ ಉಡಚವ್ವ.

ಸೂಜಿ ಜೀವ ಉಳಿಸಿತು. ಆದರೆ ರೋಗ ಅಂಟೀತೆಂದು ಅತ್ತಿಗೆ ತಾಟು ಬೇರೆ ಮಾಡಿದಳು. ನೋಡಿ ಒಪ್ಪಿದ್ದ ಹಿರೇಕೆರೂರಿನ ಬೀಗರು ಸೂಜಿಯ ಸುದ್ದಿ ಕೇಳಿ ಮತ್ತೆ ಈ ಕಡೆ ತಲೆ ಹಾಕಲಿಲ್ಲ. ಅಪ್ಪ ತೀರಿಕೊಂಡ ಮೇಲೆ ಡಾಕ್ಟರು ಕೊಟ್ಟ ಆಯಾ ಕೆಲಸ, ಹಿತ್ತಲಿನ ಕೋಣೆ ಅವಳ ಪಾಲಿಗೆ ಉಳಿದವು. ಮದುವೆ ಮನೆಗಳಿಗೂ ಹೋಗುವುದಿಲ್ಲ.

“ಹೊತ್ತಿಗೆ ಸರಿಯಾಗಿ ಉಣ್ಣಬೇಕ್ರಿ ನಾ. ಪಂಕ್ತಿ ಕೂಡೂತನಕ ಕಾಯಾಕ ಆಗೂದಿಲ್ಲ. ಒಬ್ಬಾಕಿನ ಉಂಡು ಉಂಡು, ಈಗ ಯಾರರ ಎದುರಿಗೆ ಕುಂತ್ರ ತುತ್ತು ಇಳಿಯೂದಿಲ್ಲ.”

ಸಕ್ಕರೆ ಕಾಯಿಲೆಯ ಮಗು ದವಾಖಾನೆಗೆ ಬಂದಾಗಲೆಲ್ಲ, ಮನೆಯವರಿಗೆ ಸೂಜಿ ಹಾಕಲು ಕಲಿಸುವ ಕೆಲಸ ಇವಳದೇ. ಸವಣೂರು, ಶಿಗ್ಗಾವಿ ಎಂದು ಬಸ್ಸು ಬದಲಿಸುತ್ತಾ ತಿರುಗುತ್ತಾಳೆ. ಹಿರೇಬೆಂಡಿಗೇರಿಯ ಒಂದು ಕೂಸು ಸೂಜಿ ಶುರುವಾದ ಮೇಲೆ ಗೆಲುವಾಯಿತು, ಗುಣವಾಯಿತೆಂದು ಮನೆಯವರು ಸೂಜಿ ಬಿಡಿಸಿದರು. ಉಡಚವ್ವ ಮತ್ತೆ ಹೋಗುವಷ್ಟರಲ್ಲಿ ಮಣ್ಣು ಮಾಡಿ ಬಂದಿದ್ದರು. “ಬಾಗಲಾಗಿಂದನ ಹೊಳ್ಳಿ ಬಂದೆ” ಎನ್ನುತ್ತಾಳೆ.

ಆಡೂರಿನ ಮಾದೇವಿಯ ಮನೆಯಲ್ಲೂ ಹಾಗೇ ಆಗುವುದಿತ್ತು. ಹೋದ ದೀಪಾವಳಿಯ ಹೊತ್ತಿಗೆ ಎಚ್ಚರವಿಲ್ಲದೆ ಬಂದ ಒಂಬತ್ತರ ಹುಡುಗಿ, ಸುಗ್ಗಿಯ ವೇಳೆಗೆ ಕುಣಿದಾಡುತ್ತಿದ್ದಳು. ಅಪ್ಪ ಹನುಮಂತಪ್ಪ ಸೂಜಿ ನಿಲ್ಲಿಸಿಬಿಟ್ಟ.

“ಬ್ಯಾನಿ ಹೋತ್ರಿ. ಇನ್ನ ನೀವು ಬರಬ್ಯಾಡ್ರಿ.”

“ಹೋಗಿಲ್ರೀ ಅಣ್ಣಾರ. ಒಳಗ ಉಳಿದ ಒಂದೀಟು ಜೀವ ದುಡ್ಯಾಕತ್ತೈತಿ. ಅದೂ ಸಾಯ್ತೈತಿ.”

“ನನ್ನ ಮಗಳ ಮುಂದ ಸಾಯೂ ಮಾತು ತಗೀಬ್ಯಾಡ್ರಿ!”

ಉಡಚವ್ವ ಏಳಲಿಲ್ಲ, ಅವರ ಮನೆಯ ಕಟ್ಟೆಯ ಮೇಲೇ ಕುಳಿತಿದ್ದಳು. ಸಂಜೆ ತನ್ನ ಸೂಜಿಯ ಹೊತ್ತಾದಾಗ ಚೀಲದಿಂದ ಸಿರಿಂಜು ತೆಗೆದು, ಅಲ್ಲೇ ತೋಳಿಗೆ ಚುಚ್ಚಿಕೊಂಡಳು. ಮಾದೇವಿ ಹತ್ತಿರ ಬಂದು ನಿಂತಳು.

“ನಿಮಗೂ ಐತೇನ್ರಿ?”

“ಐತವ್ವ. ನಿನ್ನಂಗ ಸಣ್ಣಾಕಿ ಇದ್ದಾಗಿಂದ.”

“ನನಗೊಬ್ಬಾಕಿಗೇ ಐತಿ ಅನ್ಕೊಂಡಿದ್ದೆ.”

ಆ ಮಾತಿಗೆ ತಾಯಿ ಶಾರವ್ವ ಸೆರಗು ಬಾಯಿಗೆ ಒತ್ತಿಕೊಂಡಳು. ಹನುಮಂತಪ್ಪ ಸೂಜಿಗೆ ಒಪ್ಪಲಿಲ್ಲ, ದಿನಾ ಮೂತ್ರ ಪರೀಕ್ಷೆಗೆ ಮಾತ್ರ ಹ್ಞೂಂ ಅಂದ.

ಮರುದಿನದಿಂದ ನಸುಕಿಗೇ ಆಡೂರಿನ ಬಸ್ಸು. ನಳಿಗೆಯಲ್ಲಿನ ನೀಲಿ ದ್ರಾವಣಕ್ಕೆ ಮೂತ್ರದ ಹನಿ ಹಾಕಿ ಕಾಯಿಸುವುದು. ಸಕ್ಕರೆ ಇಲ್ಲದಿದ್ದರೆ ನೀಲಿ, ಹೆಚ್ಚಾದರೆ ಇಟ್ಟಿಗೆ ಕೆಂಪು. ಬಹಳ ದಿನ ನೀಲಿಯೇ ಇತ್ತು. ಹನುಮಂತಪ್ಪ ನಗುತ್ತಿದ್ದ. ತಾನೇ ತಪ್ಪಾಗಿರಲಿ ಎಂದು ಉಡಚವ್ವನೂ ದೇವರನ್ನು ಬೇಡಿಕೊಂಡಳು. ಆಮೇಲೆ ಒಂದು ಬೆಳಿಗ್ಗೆ ಹಸಿರು, ಮತ್ತೆ ಹಳದಿ. ಕಡೆಗೆ ಇಟ್ಟಿಗೆಯ ಬಣ್ಣ ತಿರುಗಿದ ದಿನ ಹನುಮಂತಪ್ಪ ನಳಿಗೆಯನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದ. ಒಳಗೆ ಹೋಗಿ ಸಿರಿಂಜು ಕುದಿಸಲು ಒಲೆ ಹೊತ್ತಿಸಿದ.

ಇಂದು ಮಾದೇವಿ ಮೊದಲ ಸಲ ತಾನೇ ಚುಚ್ಚಿಕೊಳ್ಳಲಿದ್ದಾಳೆ. ತೊಡೆಯ ಚರ್ಮ ಚಿವುಟಿ ಹಿಡಿಯುತ್ತಾಳೆ. ಉಡಚವ್ವ ಮುಟ್ಟುವುದಿಲ್ಲ, ಪಕ್ಕದಲ್ಲಿ ಕುಳಿತು ನೋಡುತ್ತಾಳೆ. ಸೂಜಿ ಇಳಿಯುತ್ತದೆ. ಶಾರವ್ವ ಇಬ್ಬರಿಗೂ ಒಂದೇ ತಾಟಿನಲ್ಲಿ ರೊಟ್ಟಿ, ಪಲ್ಯ ತಂದಿಡುತ್ತಾಳೆ. ಉಡಚವ್ವ ಒಂದು ಗಳಿಗೆ ತಡೆದು, ತಾಟಿಗೆ ಕೈ ಹಾಕುತ್ತಾಳೆ.

ಉಣ್ಣುತ್ತಾ ಮಾದೇವಿ ಅವಳ ಬೈತಲೆಯತ್ತ ಬಗ್ಗುತ್ತಾಳೆ. “ನಿಮ್ಮ ತಲ್ಯಾಗ ಒಂದು ಬಿಳಿ ಕೂದಲಾ ಐತ್ರಿ. ಕೀಳ್ಲೇನು?”

“ಕೀಳಬ್ಯಾಡವ್ವ” ಎಂದು ಉಡಚವ್ವ ತಲೆಗೆ ಕೈ ಅಡ್ಡ ಹಿಡಿಯುತ್ತಾಳೆ. “ಇಪ್ಪತ್ತು ದಾಟೂದಿಲ್ಲ ಈಕಿ ಅಂದಿದ್ರು ಎಲ್ಲಾರೂ. ಇರ್ಲಿ ಅದು, ನಾಕು ಮಂದಿ ನೋಡ್ಲಿ.”